ಸಮುದ್ರದ ಬಯಕೆ

ಒದ್ದೆ ಉಪ್ಪಿನ ಚೀಲದ ವಾಸನೆ. ಅದನ್ನು ನೆನೆಸಿಕೊಂಡರೆ ಮಾತ್ರ ತುಂಗಮ್ಮನ ಹೊಟ್ಟೆ ತೊಳಸುವುದು ನಿಲ್ಲುತ್ತಿತ್ತು. ಒಳಗೆ ಅತ್ತೆ ಒಗ್ಗರಣೆಗೆ ಈರುಳ್ಳಿ ಹಾಕಿದ ಸದ್ದು ಕೇಳಿದ್ದೇ ಅವಳು ಎದ್ದು ಹಿತ್ತಿಲಿಗೆ ಬಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಸೆರಗನ್ನು ಮೂಗಿಗೆ ಒತ್ತಿ ಕಣ್ಣು ಮುಚ್ಚಿದ್ದಳು.

ಅವಳ ತವರು ಚಂದ್ರಗುತ್ತಿ. ಅವಳು ಸಣ್ಣವಳಿದ್ದಾಗ ಘಟ್ಟದ ಕೆಳಗಿನಿಂದ ಉಪ್ಪು ಹೇರಿಕೊಂಡು ಬರುವ ಗಾಡಿಗಳು ಅವರ ಮನೆಯೆದುರಿನ ಹುಣಿಸೆಮರದ ಅಡಿಯಲ್ಲಿ ರಾತ್ರಿ ತಂಗುತ್ತಿದ್ದವು. ಇಬ್ಬನಿಗೆ ಗೋಣಿಚೀಲಗಳು ತೊಯ್ದಿರುತ್ತಿದ್ದವು. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಓಡಿ ಹೋಗಿ ಅವಳು ಚೀಲಕ್ಕೆ ಮುಖ ಒತ್ತುತ್ತಿದ್ದಳು. ತಣ್ಣಗೆ, ಒಗರಾಗಿ, ಎಲ್ಲೋ ದೂರದ ವಾಸನೆ. ಒಮ್ಮೆ ಗಾಡಿಯ ಮುದುಕ ಅದನ್ನು ಕಂಡು, "ಸಮುದ್ರ ಅಂದ್ರೆ ಇದೇ ತಂಗಿ. ಸದ್ಯಕ್ಕೆ ಮೂಗಿಂದ ನೋಡ್ಕ, ಕಣ್ಣಿಂದ ಆಮೇಲೆ ನೋಡುವೆಯಂತೆ" ಎಂದಿದ್ದ. ಆಮೇಲೆ ಅಂದರೆ ಯಾವಾಗ ಎಂದು ಅವಳು ಕೇಳಿರಲಿಲ್ಲ. ಮದುವೆಯಾಗಿ ಹೊಸಬಾಳೆಗೆ ಬಂದಳು. ಹೊಸಬಾಳೆಯಿಂದ ಸಮುದ್ರ ಇನ್ನಷ್ಟು ದೂರವೇ ಆಯಿತು.

"ಮಗಾ, ಇಲ್ಲಿದ್ಯನೇ?" ಅತ್ತೆ ಹೂವಮ್ಮ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಗಂಜಿಯ ಬಟ್ಟಲು. "ಒಗ್ಗರಣೆ ಆತು. ಹೊಗೆ ಹೋಗ್ಲಿ ಅಂತ ಮುಂಬಾಗ್ಲು ತೆಗ್ದಿಟ್ಟೀನಿ. ಇದನ್ನ ಒಂದೆರಡು ಗುಟುಕಾದ್ರೂ ಕುಡಿ."

ತುಂಗಮ್ಮ ಬಟ್ಟಲು ತೆಗೆದುಕೊಂಡಳು. ಎರಡು ಗುಟುಕು ಕುಡಿದಳು. ಮೂರನೆಯದು ಗಂಟಲಲ್ಲೇ ನಿಂತಿತು. "ತಪ್ಪಾತು ಅತ್ತೆ," ಎಂದಳು.

"ತಪ್ಪು ಎಂತದ್ದು ಮಾರಾಯ್ತಿ, ಗಂಜಿ ಸೇರ್ಲಿಲ್ಲ ಅಂದ್ರೆ ಗಂಜಿ ತಪ್ಪು."

ತುಂಗಮ್ಮ ಎಲ್ಲದಕ್ಕೂ ತಪ್ಪಾಯಿತು ಎನ್ನಲು ಶುರು ಮಾಡಿ ಒಂದು ವರ್ಷದ ಮೇಲಾಗಿತ್ತು. ಹಿಂದಿನ ಸಲ ಬಸುರಾದಾಗ ಏಳನೆಯ ತಿಂಗಳಲ್ಲಿ ಕೂಸು ಹೊಟ್ಟೆಯಲ್ಲಿ ಹೊರಳುವುದನ್ನು ನಿಲ್ಲಿಸಿಬಿಟ್ಟಿತ್ತು. ಸೂಲಗಿತ್ತಿ ತಾಯಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ಮೆಲ್ಲಗೆ ಸೆರಗು ಮುಚ್ಚಿ ಎದ್ದಿದ್ದಳು. ಆಮೇಲಿನದನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಆದರೆ ಅಲ್ಲಿಂದೀಚೆಗೆ ತುಂಗಮ್ಮ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ನೀರಿನ ಕೊಡ ತುಳುಕಿದರೆ ತಪ್ಪಾಯಿತು, ಕರು ಹಗ್ಗ ಬಿಚ್ಚಿಕೊಂಡರೆ ತಪ್ಪಾಯಿತು.

ಈಗ ಮತ್ತೆ ಬಸುರಾಗಿ ಐದು ತಿಂಗಳು ಕಳೆದಿತ್ತು. ಹೊಟ್ಟೆ ಕಾಣುತ್ತಿತ್ತು, ಆದರೆ ಒಳಗಿನಿಂದ ಇನ್ನೂ ಏನೂ ಗೊತ್ತಾಗಿರಲಿಲ್ಲ. ಮೊದಮೊದಲು ಹೂವಮ್ಮ ದಿನಾ ಬೆಳಿಗ್ಗೆ, "ಎಂತಾದ್ರೂ ಗೊತ್ತಾತನೇ?" ಎಂದು ಕೇಳುತ್ತಿದ್ದಳು. ಸೊಸೆ ಇಲ್ಲವೆಂದು ತಲೆಯಾಡಿಸುವಾಗ ಅವಳ ಮುಖದ ಬಣ್ಣ ಇಳಿಯುವುದನ್ನು ನೋಡಿದ ಮೇಲೆ ಕೇಳುವುದನ್ನು ಬಿಟ್ಟಳು. ಕೇಳದೆ ಇರುವುದು ಕೇಳುವುದಕ್ಕಿಂತ ಕಷ್ಟವಾಗಿತ್ತು. ಹಸುವಿನ ಹಾಲು ಕರೆಯುವಾಗ, ಅಕ್ಕಿ ಆರಿಸುವಾಗ, ನಾಲಗೆಯ ತುದಿಗೆ ಬಂದ ಮಾತನ್ನು ಅವಳು ಒಳಗೇ ಇಟ್ಟುಕೊಂಡು ಓಡಾಡುತ್ತಿದ್ದಳು.

"ಬಾಯಿಗೆ ಎಂತ ಬೇಕು ಅನ್ನಿಸ್ತದೆ ಹೇಳೇ," ಎಂದಳು ಈಗ. "ಕಳಲೆ? ನೆಲ್ಲಿಕಾಯಿ? ಕೆರೆ ಮೀನು? ಎಂತ ಬೇಕಾದ್ರೂ ಹೇಳು. ಸಣ್ಣಪ್ಪ ತಂದು ಹಾಕ್ತಾನೆ."

ತುಂಗಮ್ಮ ಬಟ್ಟಲನ್ನೇ ನೋಡುತ್ತಾ ಕೂತಳು. ಆಮೇಲೆ, ಬೈಸಿಕೊಳ್ಳಲು ತಯಾರಾದವಳ ಹಾಗೆ ಕತ್ತು ತಗ್ಗಿಸಿ ಹೇಳಿದಳು:

"ತಿನ್ನಾಕೆ ಎಂತೂ ಬ್ಯಾಡ ಅತ್ತೆ. ಆ ಸಮುದ್ರದ ಪಿಚ್ಚರು ನೋಡ್ಬೇಕು ಅನ್ನಿಸ್ತದೆ."

ಅದರ ಕಾರಣ ಅವಳ ಗಂಡ ಸಣ್ಣಪ್ಪ. ಅವನು ಶಿರಾಳಕೊಪ್ಪದ ದನದ ಸಂತೆಗೆ ಹೋದಾಗ ಶಿಕಾರಿಪುರದ ಟೆಂಟು ಸಿನಿಮಾದವರ ಗಾಡಿ ತಮಟೆ ಬಡಿಯುತ್ತಾ ಬಂದು ಗುಲಾಬಿ ಬಣ್ಣದ ಚೀಟಿ ಎಸೆದು ಹೋಗಿತ್ತು. ಎತ್ತಿಕೊಂಡು ತಂದು ಹೆಂಡತಿಯ ಕೈಗೆ ಕೊಟ್ಟಿದ್ದ. ಅದರಲ್ಲಿ ಸಮುದ್ರದ ತಳದಲ್ಲಿ ಒಂದು ಮನೆ. ಸೌಟು ಹಿಡಿದ ಹೆಂಗಸು ಒಲೆಯ ಮುಂದೆ ಕೂತಿದ್ದಾಳೆ, ಅವಳ ಭುಜದ ಮೇಲಿಂದ ಒಂದು ಮೀನು ಪಾತ್ರೆಯೊಳಗೆ ಇಣುಕುತ್ತಿದೆ. ತುಂಗಮ್ಮ ಅದನ್ನು ತಾನು ಮಲಗುವ ಕಡೆ ಗೋಡೆಯ ಸಂದಿಗೆ ಸಿಕ್ಕಿಸಿದ್ದಳು. ಅದರಲ್ಲಿ ಇನ್ನೊಂದು ಚಿತ್ರವೂ ಇತ್ತು. ಹೂವಮ್ಮನ ಕಣ್ಣು ಬಿದ್ದದ್ದು ಅದರ ಮೇಲೆ. ಬಾಗಿಲ ಬಳಿ ಒಬ್ಬ ಹುಡುಗಿ ನಿಂತಿದ್ದಳು. ನಿಂತಿದ್ದಳು ಎನ್ನುವುದು ಹೇಗೆ? ಸೊಂಟದಿಂದ ಕೆಳಗೆ ಅವಳು ಮೀನಾಗಿದ್ದಳು.

ಬಸುರಿ ಹೆಂಗಸು ನೋಡಿದ್ದು ಕೂಸಿನ ಮೈಮೇಲೆ ಬೀಳುತ್ತದೆ ಎಂಬುದು ಹೂವಮ್ಮನಿಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಅವಳು ಸಣ್ಣಪ್ಪನನ್ನು ಹೊತ್ತಿದ್ದಾಗ ಅವಳ ಅತ್ತೆ ಕುಂಟ ನಾಯಿಯನ್ನೂ ನೋಡಗೊಟ್ಟಿರಲಿಲ್ಲ. ಆದರೆ ಬಸುರಿಯ ಬಯಕೆ ತೀರಿಸದೆ ಬಿಡಬಾರದು ಎಂಬುದೂ ಅಷ್ಟೇ ಚೆನ್ನಾಗಿ ಗೊತ್ತಿತ್ತು. ಎರಡೂ ಒಟ್ಟಿಗೇ ಎದುರಾಗಬಹುದು ಎಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಸಂಜೆ ತಾಯಮ್ಮನ ಮನೆಗೆ ಹೋದಳು.

ತಾಯಮ್ಮ ಎಲೆಯಡಿಕೆ ಕುಟ್ಟುತ್ತಾ ಪೂರ್ತಿ ಕೇಳಿಸಿಕೊಂಡಳು.

"ಮೊನ್ನೆ ಭೂಮಿ ಹುಣ್ಣಿಮೇಲಿ ಬಸ್ರಿ ಗದ್ದೆಗೆ ಬಯಕೆ ಉಣ್ಣಿಸಿ ಬಂದ್ಯ ಇಲ್ವ?"

"ಬಂದೆ."

"ಗದ್ದೆ ಬಾಯಿ ಬಿಟ್ಟು ಕೇಳಿತ್ತಾ?"

"ಇಲ್ಲಪ್ಪ."

"ಕೇಳ್ದೇ ಇದ್ದ ಗದ್ದೆಗೆ ರಾತ್ರೆಲ್ಲಾ ಎದ್ದು ಬೇಯ್ಸಿ ಬುಟ್ಟಿ ತುಂಬ ಹೊತ್ಕಂಡ್ ಹೋದೆ. ಬಾಯಿ ಬಿಟ್ಟು ಕೇಳಿದ ಸೊಸಿಗೆ ಇಲ್ಲ ಅಂತಿಯ?"

"ಬಾಲ ಐತಲ್ಲೇ ತಾಯಮ್ಮ, ಆ ಹುಡ್ಗಿಗೆ!"

ತಾಯಮ್ಮ ಕುಟ್ಟುವುದನ್ನು ನಿಲ್ಲಿಸಿದಳು. ಬಾಲದ ವಿಷಯ ಅವಳಿಗೂ ಸ್ವಲ್ಪ ತೊಡಕೆನಿಸಿತು. ಕೊನೆಗೆ, "ನೀ ಪಕ್ಕದಲ್ಲೇ ಕೂತ್ಕ," ಎಂದಳು. "ಬಾಲ ಬಂದಾಗ ಅವಳ ಕಣ್ಣಿಗೆ ಕೈ ಅಡ್ಡ ಹಿಡಿ. ಬಾಕಿದ್ದು ನೋಡ್ಲಿ."

ಹೀಗಾಗಿ ಅತ್ತೆ, ಸೊಸೆ, ಸಣ್ಣಪ್ಪ ಮೂವರೂ ಸೊರಬದಲ್ಲಿ ಬಸ್ಸು ಹತ್ತಿದರು. ಸಣ್ಣಪ್ಪ ಕಂಡಕ್ಟರನ ಕಿವಿಯಲ್ಲಿ ಏನೋ ಹೇಳಿದ. ಕಂಡಕ್ಟರು ಡ್ರೈವರನಿಗೆ ಹೇಳಿದ. ಆ ದಿನ ಬಸ್ಸು ಹಳ್ಳದಿಣ್ಣೆಯ ಕಡೆಯೆಲ್ಲ ಎತ್ತಿನಗಾಡಿಯ ಹಾಗೆ ಸಾವಕಾಶ ಹೋಯಿತು. ಹಿಂದಿನ ಸೀಟಿನ ವ್ಯಾಪಾರಿಯೊಬ್ಬ "ಇವತ್ತೇನು ಬಸ್ಸಿಗೆ ಕಾಲುನೋವಾ?" ಎಂದು ಗೊಣಗಿದ. ಕಂಡಕ್ಟರು ಟಿಕೀಟು ಹರಿಯುತ್ತಾ ಮುಂದೆ ಹೋದ.

ಶಿಕಾರಿಪುರದಲ್ಲಿ ಇಳಿದುಕೊಂಡದ್ದು ಹೂವಮ್ಮನ ಅಕ್ಕ ವರದಮ್ಮನ ಮನೆಯಲ್ಲಿ. ವರದಮ್ಮ ಗಂಡ ಸತ್ತ ಮೇಲೆ ಮಗನ ಜೊತೆ ಅಲ್ಲೇ ಇದ್ದಳು. ಟೆಂಟಿಗೆ ಯಾವ ಪಿಚ್ಚರು ಬಂದರೂ ಬಿಡುವವಳಲ್ಲ; ಈ ಸಮುದ್ರದ್ದನ್ನು ಆಗಲೇ ಎರಡು ಸಲ ನೋಡಿ ಬಂದಿದ್ದಳು. ತಂಗಿಯ ಕಷ್ಟ ಕೇಳಿ ಅವಳಿಗೆ ನಗು ಬಂತು, ಆದರೆ ತುಂಗಮ್ಮನ ಸೊರಗಿದ ಮುಖ ನೋಡಿ ನಗಲಿಲ್ಲ.

"ನಂಗೆ ಪೂರ್ತಿ ಗೊತ್ತು, ಬಾಲದವಳು ಯಾವಾಗ ಬರ್ತಾಳೆ ಅಂತ. ನಾನು ಮೊಣಕೈಯಲ್ಲಿ ತಿವಿತೀನಿ. ನೀನು ಆಗ ಅಡ್ಡ ಹಿಡಿ."

"ಮರೀಬ್ಯಾಡ ಅಕ್ಕಾ."

"ಮರ್ತರೆ ನಂಗೂ ಬಾಲ ಬರ್ಲಿ."

ವರದಮ್ಮ ಬಡಿಸಿದ್ದನ್ನು ತುಂಗಮ್ಮ ಮುಟ್ಟಲಾರದೆ ಹೋದಳು. ತುತ್ತು ಕಲೆಸಿದಳು, ಬಿಟ್ಟಳು, ತಪ್ಪಾಯಿತು ದೊಡ್ಡತ್ತೆ ಎಂದಳು. ವರದಮ್ಮ ತಟ್ಟೆ ಎತ್ತಿಟ್ಟು, ಹೊರಡುವಾಗ ಒಂದು ನಿಂಬೆಹಣ್ಣನ್ನು ಅವಳ ಕೈಗೆ ಕೊಟ್ಟಳು. "ಗಂಡಸ್ರ ಕಡೆಯಿಂದ ಬೀಡಿ ಹೊಗೆ ಬತ್ತದೆ. ಆವಾಗ ಇದನ್ನ ಉಗುರಲ್ಲಿ ಗೀರಿ ಮೂಸು."

ಟೆಂಟು ಕೆರೆಯ ಕಡೆಯ ಬಯಲಿನಲ್ಲಿತ್ತು. ಹೊತ್ತು ಮುಳುಗುವ ಮೊದಲೇ ಗಂಟಲು ಕಟ್ಟಿದ ಧ್ವನಿವರ್ಧಕದಿಂದ ಹಾಡು ಕೇಳಿಸುತ್ತಿತ್ತು. ಹಾಡು ನಿಂತರೆ ಆಟ ಶುರು ಎಂದು ಊರಿನವರಿಗೆಲ್ಲ ಗೊತ್ತು. ಒಳಗೆ ನೆಲಕ್ಕೆ ಮರಳು ಹಾಸಿತ್ತು. ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ತೇಪೆ ಹಾಕಿದ ಪರದೆ. ಸಣ್ಣಪ್ಪ ಆ ಕಡೆ ಹೋದ. ಹೂವಮ್ಮ ಒಳಗೆ ಕಾಲಿಟ್ಟವಳು ಸೆರಗು ಒಟ್ಟು ಮಾಡಿಕೊಂಡು ನಿಂತುಬಿಟ್ಟಳು. ಯಾವ್ಯಾವ ಊರಿನವರೋ, ಯಾವ್ಯಾವ ಮನೆಯವರೋ, ಒಬ್ಬರ ಮೊಣಕಾಲು ಇನ್ನೊಬ್ಬರ ಬೆನ್ನಿಗೆ ತಾಗಿಸಿಕೊಂಡು ಕೂತಿದ್ದರು. ವರದಮ್ಮ ಅವಳ ಕೈ ಹಿಡಿದೆಳೆದು ನಡುವಿನಲ್ಲಿ ಜಾಗ ಮಾಡಿದಳು. ಸೊಸೆಗೆ ಒರಗಲು ಸಿಗಲಿ ಎಂದು ಕಂಬದ ಪಕ್ಕ ಕೂರಿಸಿದಳು.

ದೀಪ ಆರಿತು. ಹೊರಗೆ ಇಂಜಿನಿನ ಸದ್ದು ಏರಿತು. ಎದುರಿನ ಬಿಳಿ ಬಟ್ಟೆಯ ಮೇಲೆ ಅಲೆಗಳು ಬಂದವು.

ತುಂಗಮ್ಮ ಉಸಿರು ಬಿಗಿಹಿಡಿದಳು. ಸಮುದ್ರ ಕಪ್ಪು ಬಿಳುಪಾಗಿತ್ತು. ಆದರೂ ಅದು ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ಎಲ್ಲೂ ಮುಗಿಯುತ್ತಿರಲಿಲ್ಲ. ಅವಳ ತುಟಿಗಳು ತೆರೆದೇ ಉಳಿದವು.

ಕತೆ ಸುಲಭವಾಗಿತ್ತು. ಪಟ್ಟಣದಲ್ಲಿ ಬಾಡಿಗೆ ಮನೆ ಸಿಗದ ಒಂದು ಸಂಸಾರ, ಅತ್ತೆ, ಮಾವ, ಮಗ, ಸೊಸೆ, ಒಂದು ಎಮ್ಮೆ, ಸಮುದ್ರದ ತಳದಲ್ಲಿ ಬಿಡಾರ ಹೂಡುತ್ತದೆ. ಅಲ್ಲಿ ಬಾಡಿಗೆ ಕೇಳುವವರಿಲ್ಲ. ಎಮ್ಮೆಯನ್ನು ಹಗ್ಗ ಹಿಡಿದು ನೀರೊಳಗೆ ಇಳಿಸುವಾಗ ಅದರ ಮೂಗಿನಿಂದ ಗುಳ್ಳೆಗಳು ಎದ್ದವು. ಟೆಂಟಿನ ತುಂಬ ನಗು. ಅಷ್ಟರಲ್ಲಿ ಕಿಟಕಿಯಿಂದ ಒಂದು ಮೀನು ಒಳಗೆ ಬಂತು. ಹೂವಮ್ಮ ಚಟ್ಟನೆ ಸೊಸೆಯ ಕಣ್ಣಿಗೆ ಅಂಗೈ ಅಡ್ಡ ಹಿಡಿದಳು.

"ಅದು ಬರೀ ಮೀನು ಕಣೆ," ವರದಮ್ಮ ಪಿಸುಗುಟ್ಟಿದಳು. "ನಾವು ಸಾರು ಮಾಡ್ಕಂಡು ತಿಂತೀವಲ್ಲ, ಅದೇ."

ಹೂವಮ್ಮ ಕೈ ತೆಗೆದಳು. ಇನ್ನೊಂದು ಬಂತು, ದೊಡ್ಡದು, ಮೀಸೆಯದು. ಮತ್ತೆ ಅಡ್ಡ ಹಿಡಿದಳು. ಈ ಸಲ ಮೊಣಕೈ ಮೇಲೆದ್ದು ಹಿಂದಿನವರಿಗೆ ಅರ್ಧ ಚಿತ್ರ ಮರೆಯಾಯಿತು.

"ಏ ಯವ್ವಾ," ಹಿಂದಿನಿಂದ ಒಂದು ದನಿ ಬಂತು. ಗಟ್ಟಿ ದನಿ, ಬಯಲುಸೀಮೆ ಕಡೆಯದು. "ಕೈ ಇಳಸ್ರಿ. ನಿಮ್ಮ ಕೈಯಾಗಿನ ಬಳಿ ನೋಡಾಕ ಬಂದಿಲ್ಲ ನಾವು."

ಹೂವಮ್ಮ ತಿರುಗಿ ನೋಡಿದಳು. ತನ್ನದೇ ವಯಸ್ಸಿನ ಹೆಂಗಸು. ಹಣೆಯ ತುಂಬ ಕುಂಕುಮ, ಮಡಿಲಲ್ಲಿ ಬಟ್ಟೆಯ ಗಂಟು. ಗಾಡಿಯಲ್ಲಿ ದೂರದಿಂದ ಬಂದವಳ ಹಾಗೆ ಕಂಡಳು.

"ಆಕಿಗೇನು ಕಣ್ಣು ಬಂದಾವೇನ್ರಿ?" ಎಂದಳು ಆ ಹೆಂಗಸು.

"ಕಣ್ಣಿಗೆ ಎಂತೂ ಆಗಿಲ್ಲ. ಬಸ್ರಿ ಅವಳು."

"ಬಸರು ಹೊಟ್ಟ್ಯಾಗಿರ್ತೈತಿ, ಕಣ್ಣಾಗ ಇರಂಗಿಲ್ಲ. ನೋಡಾಕ ಬಿಡ್ರಿ ಪಾಪ."

ಸುತ್ತಲಿನವರೆಲ್ಲ ನಕ್ಕರು. ವರದಮ್ಮನೂ ನಕ್ಕಳು. ತುಂಗಮ್ಮ ಮಾತ್ರ ಮೆಲ್ಲಗೆ, "ತಪ್ಪಾತು" ಎಂದಳು. ಯಾರಿಗೆ ಹೇಳಿದಳೋ, ಯಾಕೆ ಹೇಳಿದಳೋ. ಹಿಂದಿನ ಹೆಂಗಸು ಅದನ್ನು ಕೇಳಿ ಅವಳ ಕಡೆ ನೋಡಿದಳು.

ಪರದೆಯ ಆಚೆಯಿಂದ ಬೀಡಿ ಹೊಗೆ ಸುರುಳಿಯಾಗಿ ಬಂತು. ತುಂಗಮ್ಮ ನಿಂಬೆಹಣ್ಣನ್ನು ಗೀರಿ, ಕಣ್ಣು ಮುಚ್ಚಿ ಮೂಗಿಗೆ ಹಿಡಿದಳು. ಅವಳ ಬೆನ್ನು ಕಂಬಕ್ಕೆ ಬಿಗಿಯಿತು. ಹೊರಗೆ ಕರೆದುಕೊಂಡು ಹೋಗಬೇಕೇನೋ ಎಂದು ಹೂವಮ್ಮ ಒಂದು ಮೊಣಕಾಲು ಎತ್ತಿಟ್ಟು ತಯಾರಾದಳು. ಸ್ವಲ್ಪ ಹೊತ್ತಿಗೆ ಸೊಸೆ ಕಣ್ಣು ತೆರೆದು, ಪರವಾಗಿಲ್ಲ ಎಂಬಂತೆ ತಲೆಯಾಡಿಸಿ ಮತ್ತೆ ಎದುರಿಗೆ ನೋಡಿದಳು.

ಈಗ ಚಿತ್ರದಲ್ಲಿ ಅತ್ತೆ ಬಟ್ಟೆ ಒಣಹಾಕುತ್ತಿದ್ದಳು. ಸಮುದ್ರದ ತಳದಲ್ಲಿ ಹಗ್ಗ ಕಟ್ಟಿ, ಸೀರೆ ಹಿಂಡಿ ಹಿಂಡಿ ಹರವುತ್ತಾಳೆ. ಮುಟ್ಟಿ ನೋಡುತ್ತಾಳೆ. ಒದ್ದೆ. ಮತ್ತೆ ಹಿಂಡುತ್ತಾಳೆ. "ಯುಗಾದಿಗೆ ಹಾಕಿದ ಸೀರೆ, ದೀಪಾವಳಿ ಬಂದರೂ ಒಣಗಿಲ್ಲವಲ್ಲಪ್ಪ!" ಎಂದು ಹಣೆ ಚಚ್ಚಿಕೊಳ್ಳುತ್ತಾಳೆ. ಸೊಸೆಯನ್ನು ಕರೆದು, ಬಿಸಿಲಿರುವ ಕಡೆ ಹಾಕಲಿಲ್ಲ ಎಂದು ಬೈಯುತ್ತಾಳೆ. ಸೊಸೆ ಮುಖ ಎತ್ತಿ ಬಿಸಿಲು ಹುಡುಕುತ್ತಾಳೆ. ಮೇಲೆ ಒಂದು ದೋಣಿಯ ಅಡಿ ಮಾತ್ರ ಕಾಣುತ್ತದೆ.

ಹೂವಮ್ಮನ ಗಂಟಲಿನಿಂದ ಒಂದು ವಿಚಿತ್ರ ಸದ್ದು ಹೊರಟಿತು. ಅದು ನಗು. "ನಮ್ಮ ಆಷಾಢದಾಗೆ ಹಿಂಗೇ ಅಲ್ವನೇ ಅಕ್ಕಾ!" ಎಂದು ಅವಳು ವರದಮ್ಮನ ತೊಡೆಗೆ ಬಡಿದಳು. "ಹಿಂಗೇ! ಒಲೆ ಮೇಲೆ ಬಟ್ಟೆ ಒಣ್ಸಿ ಸೀರೆಗೆ ಹೊಗೆ ವಾಸ್ನೆ!" ಅವಳು ಕೂತಲ್ಲೇ ಮುಂದಕ್ಕೆ ಜರುಗಿದಳು. ಇಷ್ಟು ದಿನ ಗಂಟುಮೂಟೆಯಂತೆ ಹೊತ್ತುಕೊಂಡಿದ್ದ ತಾಯಮ್ಮನ ಬುದ್ಧಿಮಾತು, ಬಾಲ, ಕೈ ಅಡ್ಡ ಹಿಡಿಯುವುದು, ಎಲ್ಲ ಆ ಕ್ಷಣಕ್ಕೆ ಮರೆತುಹೋಯಿತು.

ವರದಮ್ಮನಿಗೂ ಮರೆತುಹೋಯಿತು. ಮೂರನೆಯ ಸಲ ನೋಡುತ್ತಿದ್ದರೂ ಅವಳಿಗೆ ಮುಂದೇನಾಗುತ್ತದೋ ಎಂಬ ಕುತೂಹಲ. ಅವಳ ಮೊಣಕೈ ಅವಳ ಬಳಿಯೇ ಉಳಿಯಿತು.

ಬಾಗಿಲು ತಟ್ಟಿದ ಸದ್ದು. ಚಿತ್ರದ ಅತ್ತೆ ಬಾಗಿಲು ತೆರೆದಳು. ಪಕ್ಕದ ಮನೆಯ ಹುಡುಗಿ ಕೈಯಲ್ಲಿ ಒಂದು ಸಣ್ಣ ಲೋಟ ಹಿಡಿದು ತೇಲುತ್ತಿದ್ದಳು. "ಅಮ್ಮಾ, ಹೆಪ್ಪಿಗೆ ಒಂದು ಚಮಚ ಮಜ್ಜಿಗೆ ಕೊಡ್ತೀರಾ?" ಎಂದಳು. ಬಾಲ ನಾಚಿಕೆಯಿಂದ ಅತ್ತಿತ್ತ ಆಡುತ್ತಿತ್ತು.

"ಕೊಡ್ತೀನಿ. ಮೊದಲು ಕಾಲು ತೊಳ್ಕೊಂಡು ಒಳಗೆ ಬಾ," ಎಂದಳು ಅತ್ತೆ.

ಹುಡುಗಿ ಕೆಳಗೆ ನೋಡಿಕೊಂಡಳು. ಅತ್ತೆಯೂ ಕೆಳಗೆ ನೋಡಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನಿಂದ ಎಮ್ಮೆ ಒಮ್ಮೆ ಕೂಗಿತು.

ಹೂವಮ್ಮನ ಕೈ ತಾನಾಗಿ ಮೇಲೆದ್ದಿತ್ತು. ಅದು ಸೊಸೆಯ ಮುಖದ ಹತ್ತಿರ ಹೋಗುವಷ್ಟರಲ್ಲಿ ಅವಳಿಗೆ ಆ ಸದ್ದು ಕೇಳಿಸಿತು. ಮೊದಲು ಕೆಮ್ಮಿದ ಹಾಗೆ, ಆಮೇಲೆ ಬಿಕ್ಕಿದ ಹಾಗೆ, ಆಮೇಲೆ ತಡೆಯಲಾಗದೆ. ತುಂಗಮ್ಮ ನಗುತ್ತಿದ್ದಳು. ನಿಂಬೆಹಣ್ಣು ಮರಳಿನ ಮೇಲೆ ಉರುಳಿತ್ತು. ಕಣ್ಣಲ್ಲಿ ನೀರು, ಬಾಯಿಗೆ ಸೆರಗು, ಭುಜಗಳು ಕುಲುಕುತ್ತಿದ್ದವು. ಮದುವೆಯಾಗಿ ಬಂದ ಹೊಸತರಲ್ಲಿ, ಬಾವಿಕಟ್ಟೆಯಲ್ಲಿ ಓರಗೆಯವರ ಜೊತೆ ಹೀಗೆ ನಗುತ್ತಿದ್ದಳು. ಆಗ ಹೂವಮ್ಮ ಒಳಗಿನಿಂದ "ಎಷ್ಟೇ ನಗ್ತಿ, ಅನ್ನ ಸೀದೀತು" ಎಂದು ಕೂಗಿದ್ದೂ ಇತ್ತು.

ಎತ್ತಿದ ಕೈ ಗಾಳಿಯಲ್ಲಿ ನಿಂತಿತು. ಅಡ್ಡ ಹಿಡಿದರೆ ನಗು ನಿಲ್ಲುತ್ತದೆ. ಹಿಡಿಯದಿದ್ದರೆ ಬಾಲ. ಹೂವಮ್ಮ ಎದುರಿನ ಹುಡುಗಿಯನ್ನು ನೋಡಿದಳು, ಸೊಸೆಯನ್ನು ನೋಡಿದಳು. ದೇವರೇ, ಏನಿದ್ದರೂ ನನ್ನ ಮೇಲೆ ಹಾಕು ಎಂದುಕೊಂಡು ಕೈಯನ್ನು ಮೆಲ್ಲಗೆ ಇಳಿಸಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು.

ಅಷ್ಟು ಮಾಡಿದಳೋ ಇಲ್ಲವೋ, ಪಟ್ ಎಂದು ರೀಲು ಹರಿಯಿತು. ಬಾಲದ ಹುಡುಗಿ, ಎಮ್ಮೆ, ಸಮುದ್ರ ಎಲ್ಲ ಮಾಯ. ಕಗ್ಗತ್ತಲು. ಗಂಡಸರ ಕಡೆಯಿಂದ ಸಿಳ್ಳೆ, ಕೂಗು, "ಲೇ, ಬೆಳಕು ಹಾಕ್ರಲೇ!" ಎಂಬ ಗದ್ದಲ.

ಆ ಗದ್ದಲದಲ್ಲಿ ಸೊಸೆಯ ನಗು ನಿಂತದ್ದು ಹೂವಮ್ಮನಿಗೆ ಗೊತ್ತಾಯಿತು.

"ಅತ್ತೆ," ಎಂದಳು ತುಂಗಮ್ಮ. ಬೇರೆಯೇ ದನಿ.

"ಎಂತಾತೇ? ನೋವ? ಎಲ್ಲಿ? ಅಯ್ಯೋ, ನಾನು ಕೈ ಹಿಡಿಯಾದು ಬಿಟ್ಟು..."

"ಶ್! ಸುಮ್ಕಿರಿ."

ಸೊಸೆ ಅತ್ತೆಗೆ ಸುಮ್ಮನಿರು ಎಂದದ್ದು ಅದೇ ಮೊದಲು. ಕತ್ತಲಲ್ಲಿ ಅವಳ ಬೆರಳುಗಳು ಹೂವಮ್ಮನ ಮಣಿಕಟ್ಟನ್ನು ಹುಡುಕಿದವು. ಎಳೆದುಕೊಂಡು ಹೋಗಿ ಸೀರೆಯ ನೆರಿಗೆಯ ಮೇಲೆ, ಹೊಟ್ಟೆಯ ಎಡಗಡೆ ಒತ್ತಿ ಹಿಡಿದವು. ಹೂವಮ್ಮನಿಗೆ ಮೊದಲು ಸೀರೆಯ ಬಿಸುಪು ಬಿಟ್ಟರೆ ಏನೂ ತಿಳಿಯಲಿಲ್ಲ. ಉಸಿರು ಬಿಡದೆ ಕೂತಳು. ಆಮೇಲೆ ಅಂಗೈಯ ಅಡಿಯಲ್ಲಿ, ಅಷ್ಟು ಸಣ್ಣಗೆ, ಒಳಗಿನಿಂದ ಯಾರೋ ಬೆರಳಲ್ಲಿ ತಟ್ಟಿದ ಹಾಗೆ ಆಯಿತು. ನಿಂತಿತು. ಮತ್ತೆ, ಈ ಸಲ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ.

"ಮೀನು ಹೊರಳಿದಂಗೆ ಆತು ಅತ್ತೆ."

"ಮೀನು ಅನ್ನಬ್ಯಾಡ್ವೇ!" ಎಂದಳು ಹೂವಮ್ಮ. ಎಂದವಳೇ ತಾನೇ ನಕ್ಕಳು. ನಗುತ್ತಾ ನಗುತ್ತಾ ಅವಳ ಮೂಗು ಸೋರತೊಡಗಿತು. "ಸಣ್ಣಪ್ಪನೂ ಹಿಂಗೇ ಹೊರಳ್ತಿದ್ದ. ನಾವು ಎಲ್ಲಾರೂ ಹಂಗೇ ಅಂತಿದ್ವಿ. ಮೀನು ಹೊರಳಿದಂಗೆ ಅಂತ. ಬೇರೆ ಹೆಂಗೆ ಹೇಳಾದು ಅದನ್ನ?" ಕೈಯನ್ನು ಅವಳು ಅಲ್ಲಿಂದ ತೆಗೆಯಲಿಲ್ಲ.

ಪೆಟ್ರೊಮ್ಯಾಕ್ಸ್ ದೀಪ ಬಂತು. ರೀಲು ಅಂಟಿಸಲು ಹೊತ್ತು ಹಿಡಿಯುತ್ತದೆ, ಇದನ್ನೇ ವಿರಾಮ ಅಂದುಕೊಳ್ಳಿ ಎಂದು ಯಾರೋ ಕೂಗಿ ಹೇಳಿದರು. ಪರದೆಯ ಸಂದಿಯಿಂದ ಸಣ್ಣಪ್ಪನ ಮುಖ ಇಣುಕಿತು.

"ಅವ್ವಾ, ಸೋಡಾ ಬೇಕಾ? ಅವಳಿಗೆ ಸುಸ್ತಾತಾ?"

"ಎಂತೂ ಆಗಿಲ್ಲ, ನೀ ಹೋಗಿ ಕೂತ್ಕ," ಎಂದಳು ಹೂವಮ್ಮ. ಅಷ್ಟು ಜನರ ನಡುವೆ ಕೂಗಿ ಹೇಳುವ ಮಾತಲ್ಲ ಅದು. ತುಂಗಮ್ಮ ಗಂಡನ ಕಡೆ ನೋಡಿದಳು. ಅವಳು ಹಾಗೆ ನೇರವಾಗಿ ನೋಡಿ ಎಷ್ಟೋ ಕಾಲವಾಗಿತ್ತು. ಅವನು ಪರದೆಯನ್ನು ಹಿಡಿದುಕೊಂಡೇ ನಿಂತ. ಹಿಂದಿನಿಂದ ಯಾರೋ ಅಂಗಿ ಹಿಡಿದು ಎಳೆದ ಮೇಲೆ ಹೋದ.

ಹಿಂದಿನ ಹೆಂಗಸು ಮುಂದಕ್ಕೆ ಬಾಗಿದಳು. "ಏನಾತ್ರಿ ಯವ್ವಾ? ಅಳಾಕ ಹತ್ತೀರಲ್ಲ."

"ಬೀಡಿ ಹೊಗೆ," ಎಂದಳು ಹೂವಮ್ಮ. ಆಮೇಲೆ ತಡೆಯಲಾಗಲಿಲ್ಲ. "ಕೂಸು ಹೊರಳ್ತು. ಇಷ್ಟು ದಿನ ಹೊರಳೇ ಇರ್ಲಿಲ್ಲ. ಹಿಂದಿಂದು..." ಸೆರಗಿನಿಂದ ಮೂಗು ಒರೆಸಿಕೊಂಡಳು.

ಆ ಹೆಂಗಸು ಅವಳ ಮುಖವನ್ನೂ ತುಂಗಮ್ಮನ ಮುಖವನ್ನೂ ನೋಡಿದಳು. ಹಿಂದಿನದು ಏನಾಯಿತು ಎಂದು ಕೇಳಲಿಲ್ಲ.

"ಹೊರಳ್ಲಿ ಬಿಡ್ರಿ," ಎಂದಳು. "ಟಿಕೀಟಿಲ್ದ ಬಂದೈತಿ. ಅದೂ ಒಂದೀಟು ನಗ್ಲಿ."

ವರದಮ್ಮ ಕಡಲೆಕಾಯಿ ತರಲು ಎದ್ದು ಹೋದಳು. ಸುತ್ತಲೂ ಬುತ್ತಿಗಳು ಬಿಚ್ಚಿಕೊಂಡವು. ದೂರದ ಊರುಗಳಿಂದ ಬಂದವರು ಆಟ ಮುಗಿಸಿ ಗಾಡಿಯಲ್ಲಿ ಹೋಗಿ ಮುಟ್ಟುವುದು ಯಾವಾಗಲೋ ಎಂದು ಕಟ್ಟಿಕೊಂಡು ಬಂದದ್ದು. ಹಿಂದಿನ ಹೆಂಗಸೂ ತನ್ನ ಗಂಟು ಬಿಚ್ಚಿದಳು. ಜೋಳದ ರೊಟ್ಟಿ, ನಡುವೆ ಗುರೆಳ್ಳು ಪುಡಿ, ಸುಟ್ಟ ಬದನೆಕಾಯಿಯ ಗೊಜ್ಜು. ಹುರಿದ ಗುರೆಳ್ಳು ಬೆಳ್ಳುಳ್ಳಿಯ ಘಾಟು ಆ ಮರಳು, ಬೆವರು, ಬೀಡಿ ಹೊಗೆಯ ನಡುವೆ ನೇರವಾಗಿ ಬಂತು.

ಹೂವಮ್ಮ ಗಾಬರಿಯಿಂದ ನಿಂಬೆಹಣ್ಣು ಹುಡುಕಿದಳು. ಮರಳಿನಲ್ಲಿ ಸಿಕ್ಕಿದ್ದನ್ನು ಒರೆಸಿ ಸೊಸೆಯ ಕಡೆ ಚಾಚಿದಳು. ತುಂಗಮ್ಮ ಅದನ್ನು ತೆಗೆದುಕೊಳ್ಳಲಿಲ್ಲ. ಅವಳು ಪೂರ್ತಿ ಹಿಂದಕ್ಕೆ ತಿರುಗಿ ಕೂತಿದ್ದಳು. ಮೂಗಿನ ಹೊಳ್ಳೆಗಳು ಅರಳಿದ್ದವು.

"ಅತ್ತೆ," ಎಂದಳು, ಬಹಳ ಸಣ್ಣ ದನಿಯಲ್ಲಿ. "ಹ‌ಸಿವಾಗ್ತಾ ಐತೆ."

ತಪ್ಪಾಯಿತು ಎನ್ನಲಿಲ್ಲ.

ರೊಟ್ಟಿ ಮುರಿಯುತ್ತಿದ್ದ ಆ ಹೆಂಗಸಿನ ಕೈ ನಿಂತಿತು. ಬಸುರಿಯ ಕಣ್ಣು ತನ್ನ ಬುತ್ತಿಯ ಮೇಲೆ ಬಿದ್ದದ್ದನ್ನು ಅವಳು ಕಂಡಳು. ಮುರಿದ ತುಂಡನ್ನು ಬಾಯಿಗೆ ಹಾಕಿಕೊಳ್ಳದೆ ವಾಪಸ್ಸು ಇಟ್ಟಳು. ಆದರೆ ಕೊಡಲೂ ಇಲ್ಲ. ಗಂಟನ್ನು ಮಡಿಲಲ್ಲಿ ಹಿಡಿದುಕೊಂಡು ಹೂವಮ್ಮನ ಮುಖ ನೋಡಿದಳು. ಕೇಳುವುದಿದ್ದರೆ ಕೇಳಿಬಿಡು ಎಂಬ ಹಾಗೆ ಕಾದಳು.

ಹೂವಮ್ಮನಿಗೆ ಆ ಕಾಯುವಿಕೆ ಅರ್ಥವಾಯಿತು. ಹೊಸಬಾಳೆಯಲ್ಲಾದರೆ, ನೀವು ಯಾರ ಪೈಕಿ, ಯಾವ ಕೇರಿ ಎಂದು ಕೇಳದೆ ಹೊರಗಿನವರ ಕೈಯಿಂದ ಒಂದು ತಂಬಿಗೆ ನೀರನ್ನೂ ಅವಳು ಮುಟ್ಟಿದವಳಲ್ಲ. ಆ ಪ್ರಶ್ನೆಗೆಂದೇ ಅವಳ ಬಾಯಿ ತೆರೆದಿತ್ತು. ಅಂಗೈ ಇನ್ನೂ ಸೊಸೆಯ ಹೊಟ್ಟೆಯ ಮೇಲಿತ್ತು. ಒಳಗೆ ಮತ್ತೊಮ್ಮೆ ಮೆಲ್ಲಗೆ ಹೊರಳಿತು.

"ಖಾರ ಜಾಸ್ತಿ ಐತಾ?" ಎಂದು ಕೇಳಿದಳು.

ಆ ಹೆಂಗಸು ಮಡಿಲಲ್ಲಿ ಹಿಡಿದಿದ್ದ ಗಂಟನ್ನು ಸಡಿಲಿಸಿದಳು.

"ಬೆಣ್ಣಿ ಐತ್ರಿ ಜೊತಿಗೆ," ಎಂದಳು ಆಮೇಲೆ. "ಹತ್ತಂಗಿಲ್ಲ ಖಾರ."

ದೀಪ ಆರಿತು. ಇಂಜಿನು ಗುಂಯ್ ಎಂದಿತು. ಬಟ್ಟೆಯ ಮೇಲೆ ಸಮುದ್ರ ಮತ್ತೆ ತುಂಬಿಕೊಂಡಿತು, ಅದರ ಬೆಳಕು ಅಲೆಅಲೆಯಾಗಿ ಹೆಂಗಸರ ಮುಖಗಳ ಮೇಲೆ ಹರಿಯಿತು. ಹಿಂದಿನಿಂದ ಒಂದು ಕೈ ರೊಟ್ಟಿಯ ಗಂಟನ್ನು ಬಟ್ಟೆಯ ಸಮೇತ ಎತ್ತಿ ಮುಂದಕ್ಕೆ ಚಾಚಿತು. ಹೂವಮ್ಮ ಭುಜ ಓರೆ ಮಾಡಿ ಆ ಕೈಗೆ ದಾರಿ ಬಿಟ್ಟಳು.